ಕಾರ್ಬನ್ನಿನ ಅಕ್ಕಪಕ್ಕ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪುಣೆ, ಸಾಂಗ್ಲಿ, ಸೊಲ್ಲಾಪುರ ಕಡೆಯ ಕನ್ನಡಿಗರವು. ಕೇಳಿದ್ದೂ ಬಹುಮಟ್ಟಿಗೆ ಒಂದೇ ವಿಷಯ: ಸಾವಯವ ಅಣುವೊಂದರ ಚಿತ್ರ ಮುಂದಿದ್ದಾಗ ಅದರಲ್ಲಿ ಯಾವ ಯಾವ ಕ್ರಿಯಾಗುಂಪುಗಳಿವೆ ಎಂದು ತಪ್ಪಿಲ್ಲದೆ ಹೇಳುವುದು ಹೇಗೆ? ಪರೀಕ್ಷೆಯಲ್ಲಿ ಇದಕ್ಕೆ ಸಿಗುವುದು ಎರಡೋ ಮೂರೋ ಅಂಕ. ಆದರೆ ಔಷಧದ ಗುಣ, ಬಣ್ಣದ ಹೊಳಪು, ಗಂಧದ ಪರಿಮಳ ಎಲ್ಲವೂ ಈ ಗುಂಪುಗಳನ್ನೇ ನಂಬಿಕೊಂಡಿವೆ. ಹಾಗಾಗಿ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಸರ್, ನಾನು ಜತ್ತ ತಾಲ್ಲೂಕಿನವಳು. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಪುಣೆಯ ಹಾಸ್ಟೆಲ್‌ನಲ್ಲಿದ್ದು ಹನ್ನೆರಡನೆಯ ಸೈನ್ಸ್ ಓದುತ್ತಿದ್ದೇನೆ. ಕ್ರಿಯಾಗುಂಪುಗಳ ಪಟ್ಟಿ ಬಾಯಿಪಾಠ ಇದೆ. ಆದರೆ ದೊಡ್ಡ ಅಣು ಕಂಡ ಕೂಡಲೇ ಎಲ್ಲ ಕಲಸಿಹೋಗುತ್ತದೆ. ಯೂನಿಟ್ ಟೆಸ್ಟಿನಲ್ಲಿ ಎಸ್ಟರ್ ಇದ್ದಲ್ಲಿ ‘ಒಂದು ಕೀಟೋನ್, ಒಂದು ಈಥರ್’ ಎಂದು ಬರೆದೆ. ಆಮ್ಲದ ಓಎಚ್ ಅನ್ನು ಆಲ್ಕೋಹಾಲ್ ಎಂದೆ. ಎಲ್ಲಿಂದ ಶುರು ಮಾಡಬೇಕು?
— ವಿದ್ಯಾರ್ಥಿನಿ, ಪುಣೆ

ಉತ್ತರ: ನಿಮ್ಮ ಕಷ್ಟ ಪಟ್ಟಿ ಗೊತ್ತಿಲ್ಲದ್ದರಿಂದ ಬಂದದ್ದಲ್ಲ. ಪಟ್ಟಿಯಲ್ಲಿ ಪ್ರತಿ ಗುಂಪೂ ಒಂಟಿಯಾಗಿ ನಿಂತಿರುತ್ತದೆ, ಅಣುವಿನಲ್ಲಿ ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡಿ ಬಂಧಗಳನ್ನು ಗುರುತಿಸಿ ಅಷ್ಟಕ್ಕೇ ನಿಂತರೆ ನಿಮಗಾದ ಹಾಗೆಯೇ ಆಗುತ್ತದೆ.

ಮೊದಲು ಅಣುವಿನಲ್ಲಿ ಕಾರ್ಬನ್ ಮತ್ತು ಹೈಡ್ರೋಜನ್ ಅಲ್ಲದ ಪರಮಾಣುಗಳು ಎಲ್ಲೆಲ್ಲಿವೆ ನೋಡಿ. ಆಕ್ಸಿಜನ್, ನೈಟ್ರೋಜನ್, ಗಂಧಕ, ಕ್ಲೋರಿನ್ ಇವುಗಳ ಸುತ್ತ ಪೆನ್ಸಿಲಿನಿಂದ ಒಂದು ಸುತ್ತು ಹಾಕಿ. ಆಮೇಲೆ ದ್ವಿಬಂಧ, ತ್ರಿಬಂಧಗಳು. ಗೆರೆಚಿತ್ರದಲ್ಲಿ ಕಾರ್ಬನ್ನುಗಳನ್ನೂ ಅವುಗಳ ಮೇಲಿನ ಹೈಡ್ರೋಜನ್ನುಗಳನ್ನೂ ಬರೆಯುವುದಿಲ್ಲ. ಪ್ರತಿ ಮೂಲೆ, ಪ್ರತಿ ತುದಿ ಒಂದು ಕಾರ್ಬನ್, ಅದಕ್ಕೆ ನಾಲ್ಕು ಬಂಧ ತುಂಬುವಷ್ಟು ಹೈಡ್ರೋಜನ್ ಇದ್ದೇ ಇರುತ್ತದೆ. ಮೊದಮೊದಲು ಆ ಹೈಡ್ರೋಜನ್ನುಗಳನ್ನು ನೀವೇ ಬರೆದುಕೊಳ್ಳಿ. ಗೆರೆಚಿತ್ರದಲ್ಲಿ ಆಲ್ಡಿಹೈಡನ್ನು ಕೀಟೋನ್ ಎಂದು ಬರೆಯುವವರಲ್ಲಿ ಹೆಚ್ಚಿನವರಿಗೆ ಆ ಕಾಣದ ಒಂದು ಹೈಡ್ರೋಜನ್ನೇ ಕೈಕೊಟ್ಟಿರುತ್ತದೆ.

ಈಗ ಮುಖ್ಯ ವಿಷಯ. ಒಂದು ಕಾರ್ಬನ್ ಆಕ್ಸಿಜನ್ನಿನ ಜೊತೆ ದ್ವಿಬಂಧದಲ್ಲಿದ್ದರೆ ಅದು ಕಾರ್ಬೊನಿಲ್. ಅಲ್ಲಿಗೇ ನಿಲ್ಲಬೇಡಿ. ಆ ಕಾರ್ಬನ್ನಿಗೆ ಇನ್ನೆರಡು ಕೈಗಳಿವೆ, ಎಡಬಲದ ಮನೆಗಳಲ್ಲಿ ಯಾರಿದ್ದಾರೆ ಎಂದು ಕೇಳಿ. ಒಂದು ಕಡೆ ಹೈಡ್ರೋಜನ್ ಇದ್ದರೆ ಆಲ್ಡಿಹೈಡ್. ಎರಡೂ ಕಡೆ ಕಾರ್ಬನ್ ಇದ್ದರೆ ಕೀಟೋನ್. ಒಂದು ಕಡೆ ಓಎಚ್ ಇದ್ದರೆ ಕಾರ್ಬಾಕ್ಸಿಲಿಕ್ ಆಮ್ಲ. ಒಂದು ಕಡೆ ಆಕ್ಸಿಜನ್ ಇದ್ದು ಅದರ ಆಚೆ ಇನ್ನೊಂದು ಕಾರ್ಬನ್ ಇದ್ದರೆ ಎಸ್ಟರ್, ಆ ಆಚೆಯ ಕಾರ್ಬನ್ ತಾನೂ ಕಾರ್ಬೊನಿಲ್ ಆಗಿದ್ದರೆ ಅನ್‌ಹೈಡ್ರೈಡ್. ನೈಟ್ರೋಜನ್ ಇದ್ದರೆ ಅಮೈಡ್. ಕ್ಲೋರಿನ್ ಇದ್ದರೆ ಆಸಿಡ್ ಕ್ಲೋರೈಡ್. ಪಠ್ಯದ ಎರಡು ಅಧ್ಯಾಯ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಒಮ್ಮೆ ಒಂದು ಗುಂಪಿಗೆ ಸೇರಿದ ಆಕ್ಸಿಜನ್ನನ್ನು ಮತ್ತೆ ಎಣಿಸುವ ಹಾಗಿಲ್ಲ. ಎಸ್ಟರಿನ ಆಕ್ಸಿಜನ್ ಈಥರಿನ ಹಾಗೆ ಕಾಣುತ್ತದೆ ನಿಜ. ಆದರೆ ಪಕ್ಕದ ಕಾರ್ಬೊನಿಲ್ ಅದರ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಂಡಿರುವುದರಿಂದ ಅದು ಈಥರಿನಂತೆ ವರ್ತಿಸುವುದೇ ಇಲ್ಲ. ಈಥರನ್ನು ಕ್ಷಾರದಲ್ಲಿ ಕುದಿಸಿದರೂ ಸಾಮಾನ್ಯವಾಗಿ ಏನೂ ಆಗದು, ಎಸ್ಟರ್ ಮಾತ್ರ ಒಡೆದು ಆಮ್ಲದ ಲವಣ ಮತ್ತು ಆಲ್ಕೋಹಾಲ್ ಆಗುತ್ತದೆ. ನಾವು ಹೆಸರು ಬೇರೆ ಇಡುವುದು ನಡವಳಿಕೆ ಬೇರೆಯಾದ್ದರಿಂದ. ಹಾಗೆಯೇ ನೈಟ್ರೋಜನ್ ಕಂಡಲ್ಲೆಲ್ಲ ಅಮೀನ್ ಎನ್ನಬೇಡಿ. ಪ್ಯಾರಾಸಿಟಮಾಲ್‌ನಲ್ಲಿ ನೈಟ್ರೋಜನ್ ಇದೆ, ಆದರೆ ಅದು ಕಾರ್ಬೊನಿಲ್ ಪಕ್ಕದಲ್ಲಿದೆ. ಆದ್ದರಿಂದ ಅಮೈಡ್, ಅಮೀನಿನ ಪ್ರತ್ಯಾಮ್ಲ ಗುಣ ಅದಕ್ಕಿಲ್ಲ. ಅದೇ ಅಣುವಿನ ಓಎಚ್ ಕೂತಿರುವುದು ನೇರವಾಗಿ ಬೆಂಜೀನ್ ಉಂಗುರದ ಮೇಲೆ, ಹಾಗಾಗಿ ಅದು ಆಲ್ಕೋಹಾಲ್ ಅಲ್ಲ, ಫೀನಾಲ್.

ಅಭ್ಯಾಸಕ್ಕೆ ನಾನು ಎಲ್ಲರಿಗೂ ಕೊಡುವ ಅಣು ವೆನಿಲಿನ್, ನಮ್ಮ ಮಲೆನಾಡಿನ ತೋಟಗಳಲ್ಲೂ ಬೆಳೆಯುವ ವೆನಿಲಾದ ಪರಿಮಳ. ಎಂಟು ಕಾರ್ಬನ್, ಎಂಟು ಹೈಡ್ರೋಜನ್, ಮೂರು ಆಕ್ಸಿಜನ್. ಮೂರು ಆಕ್ಸಿಜನ್ನುಗಳೂ ಒಂದೇ ಉಂಗುರಕ್ಕೆ ಸೇರಿದವು, ಮೂರೂ ಬೇರೆ ಬೇರೆ ಗುಂಪಿನವು: ಒಂದು ಆಲ್ಡಿಹೈಡ್, ಒಂದು ಫೀನಾಲ್, ಒಂದು ಈಥರ್. ಈ ಚಿತ್ರವನ್ನು ಬರೆದು, ಪ್ರತಿ ಆಕ್ಸಿಜನ್ನಿಗೂ ಯಾಕೆ ಆ ಹೆಸರು ಎಂದು ಒಂದೊಂದು ವಾಕ್ಯ ಬರೆಯಿರಿ. ಅದು ಬಂದರೆ ಲಿಂಬೆಹಣ್ಣಿನ ಸಿಟ್ರಿಕ್ ಆಮ್ಲಕ್ಕೆ ಹೋಗಿ. ಅಲ್ಲಿ ನಾಲ್ಕು ಓಎಚ್ ಕಾಣುತ್ತವೆ. ಮೂರು ಕಾರ್ಬಾಕ್ಸಿಲಿಕ್ ಆಮ್ಲದವು, ಒಂದೇ ಒಂದು ಆಲ್ಕೋಹಾಲಿನದು.

ಪ್ರಶ್ನೆ: ಒಂದೇ ಅಣುವಿನಲ್ಲಿ ಕೀಟೋನೂ ಆಲ್ಕೋಹಾಲೂ ಇದ್ದರೆ ಹೆಸರಿನ ಕೊನೆಯಲ್ಲಿ ಯಾವುದು ಬರಬೇಕು?
— ಬಿ.ಎಸ್ಸಿ. ಮೊದಲ ವರ್ಷ, ಸಾಂಗ್ಲಿ

ಉತ್ತರ: ಕೀಟೋನ್. ಮೇಲಿನಿಂದ ಕೆಳಗೆ ಹೀಗೆ ನೆನಪಿಡಿ: ಕಾರ್ಬಾಕ್ಸಿಲಿಕ್ ಆಮ್ಲ, ಎಸ್ಟರ್, ಆಸಿಡ್ ಕ್ಲೋರೈಡ್, ಅಮೈಡ್, ನೈಟ್ರೈಲ್, ಆಲ್ಡಿಹೈಡ್, ಕೀಟೋನ್, ಆಲ್ಕೋಹಾಲ್, ಅಮೀನ್. ಮೇಲಿನದು ಹೆಸರಿನ ಕೊನೆಗೆ, ಉಳಿದವು ಮುಂದಕ್ಕೆ. ಇದು ಹೆಸರಿಡುವವರು ಮಾಡಿಕೊಂಡ ಒಪ್ಪಂದ. ಅಣುವಿನಲ್ಲಿ ಯಾರು ಹೆಚ್ಚು ಚುರುಕು ಎಂಬುದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ.

ಪ್ರಶ್ನೆ: ನಾವು ಪಿಂಪ್ರಿಯಲ್ಲಿ ನೆಲೆಸಿ ಎರಡು ತಲೆಮಾರಾಯಿತು, ಮೂಲ ಧಾರವಾಡದ ಕಡೆ. ನಮ್ಮ ಬಡಾವಣೆಯ ಹಿರಿಯರು ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನ ಪೆನಿಸಿಲಿನ್ ಬಗ್ಗೆ ಬಹಳ ಹೇಳುತ್ತಾರೆ. ಮಗನ ಪುಸ್ತಕದಲ್ಲಿ ಪೆನಿಸಿಲಿನ್ನಿನ ಚಿತ್ರ ನೋಡಿದೆ. ಮಧ್ಯದಲ್ಲೊಂದು ಪುಟ್ಟ ಚೌಕ. ಆ ಚೌಕದಲ್ಲೇ ಔಷಧದ ಶಕ್ತಿ ಇದೆ ಅಂತ ಮಗ ಹೇಳಿದ, ಯಾಕೆ ಅಂತ ಅವನಿಗೂ ಗೊತ್ತಿಲ್ಲ. ಪಿಂಪ್ರಿಯ ಹೆಸರಿನ ಇನ್ನೊಂದು ಔಷಧವೂ ಇತ್ತಂತೆ, ಹೌದೇ?
— ಗೃಹಿಣಿ, ಪಿಂಪ್ರಿ

ಉತ್ತರ: ಮಗ ಸರಿಯಾಗಿಯೇ ಹೇಳಿದ್ದಾನೆ. ಪತ್ರ ಓದಿ ಬಹಳ ಸಂತೋಷವಾಯಿತು, ಇದಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಪಿಂಪ್ರಿಯಲ್ಲಿ ಸ್ಥಾಪನೆಯಾದದ್ದು 1954ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ. ಔಷಧ ತಯಾರಿಕೆಗೆಂದು ನಮ್ಮ ಸರ್ಕಾರ ಕಟ್ಟಿದ ಮೊದಲ ಕಾರ್ಖಾನೆ ಅದು. ಪೆನಿಸಿಲಿನ್ನನ್ನು ಹೊರದೇಶದಿಂದ ತರಿಸಿಕೊಳ್ಳುತ್ತಿದ್ದ ದೇಶಕ್ಕೆ ಅದು ಎಂಥ ಧೈರ್ಯ ಕೊಟ್ಟಿತೆಂದು ನಿಮ್ಮ ಬಡಾವಣೆಯ ಹಿರಿಯರ ಬಾಯಿಂದಲೇ ಕೇಳಿದ್ದೀರಿ.

ಈಗ ಚಿತ್ರಕ್ಕೆ ಬರೋಣ. ಪೆನಿಸಿಲಿನ್ ಜಿ ಅಣುವಿನಲ್ಲಿ ಮೂರು ಕಾರ್ಬೊನಿಲ್‌ಗಳಿವೆ. ಒಂದರ ಪಕ್ಕ ಓಎಚ್ ಇದೆ, ಅದು ಕಾರ್ಬಾಕ್ಸಿಲಿಕ್ ಆಮ್ಲ. ಇನ್ನೆರಡರ ಪಕ್ಕದಲ್ಲೂ ನೈಟ್ರೋಜನ್ ಇದೆ, ಹಾಗಾಗಿ ಎರಡೂ ಅಮೈಡ್. ಈ ಎರಡು ಅಮೈಡುಗಳಲ್ಲಿ ಒಂದು ಪಕ್ಕದ ಸರಪಳಿಯಲ್ಲಿ ಆರಾಮವಾಗಿದೆ. ಇನ್ನೊಂದು ನೀವು ನೋಡಿದ ಆ ಚೌಕದೊಳಗೆ, ಮೂರು ಕಾರ್ಬನ್ ಒಂದು ನೈಟ್ರೋಜನ್ ಸೇರಿದ ನಾಲ್ಕು ಪರಮಾಣುಗಳ ಉಂಗುರದಲ್ಲಿ ಸಿಕ್ಕಿಕೊಂಡಿದೆ. ಇದಕ್ಕೆ ಬೀಟಾ ಲ್ಯಾಕ್ಟಮ್ ಎಂದು ಹೆಸರು. ಚೌಕಕ್ಕೆ ಅಂಟಿಕೊಂಡು ಗಂಧಕವಿರುವ ಐದರ ಉಂಗುರವೊಂದಿದೆ.

ಸಾಮಾನ್ಯ ಅಮೈಡ್ ಬಹಳ ಗಟ್ಟಿ. ನಮ್ಮ ಕೂದಲು, ಚರ್ಮ, ರೇಷ್ಮೆ ಎಲ್ಲವೂ ಅಮೈಡ್ ಬಂಧದಿಂದಲೇ ಕಟ್ಟಿದವು. ನೈಟ್ರೋಜನ್ನಿನ ಒಂಟಿ ಎಲೆಕ್ಟ್ರಾನ್ ಜೋಡಿಯನ್ನು ಕಾರ್ಬೊನಿಲ್ ಹಂಚಿಕೊಳ್ಳುವುದರಿಂದ ಆ ಗಟ್ಟಿತನ ಬರುತ್ತದೆ. ಆ ಹಂಚಿಕೆ ನಡೆಯಬೇಕಾದರೆ ನೈಟ್ರೋಜನ್ನಿನ ಸುತ್ತಲಿನ ಬಂಧಗಳು ಒಂದೇ ಸಮತಲದಲ್ಲಿರಬೇಕು, ಕೋನಗಳು 120 ಡಿಗ್ರಿ ಹತ್ತಿರ ಇರಬೇಕು. ಚೌಕದಲ್ಲಿ ಕೋನ 90ರ ಸುತ್ತಮುತ್ತ. ಪಕ್ಕದ ಐದರ ಉಂಗುರ ನೈಟ್ರೋಜನ್ನನ್ನು ಸಮತಲಕ್ಕೆ ಬರಲೂ ಬಿಡುವುದಿಲ್ಲ. ಆದ್ದರಿಂದ ಈ ಅಮೈಡಿಗೆ ಅಮೈಡಿನ ನೆಮ್ಮದಿ ಇಲ್ಲ, ಸಿಕ್ಕಿದರೆ ಒಡೆಯಲು ಕಾದಿರುತ್ತದೆ.

ಬ್ಯಾಕ್ಟೀರಿಯ ತನ್ನ ಗೋಡೆಯ ಎಳೆಗಳನ್ನು ಒಂದಕ್ಕೊಂದು ಹೆಣೆಯಲು ಒಂದು ಕಿಣ್ವವನ್ನು ಬಳಸುತ್ತದೆ. ಆ ಕಿಣ್ವದ ಕೆಲಸದ ಜಾಗದಲ್ಲಿ ಒಂದು ಓಎಚ್ ಇದೆ. ಪೆನಿಸಿಲಿನ್ ಹತ್ತಿರ ಬಂದಾಗ ಆ ಓಎಚ್ ಚೌಕದ ಕಾರ್ಬೊನಿಲ್ ಮೇಲೆ ಬೀಳುತ್ತದೆ, ಉಂಗುರ ಬಿಚ್ಚಿಕೊಳ್ಳುತ್ತದೆ, ಪೆನಿಸಿಲಿನ್ ಎಸ್ಟರ್ ಬಂಧದಿಂದ ಕಿಣ್ವಕ್ಕೇ ಅಂಟಿ ಕೂರುತ್ತದೆ. ಕಿಣ್ವ ನಿಷ್ಕ್ರಿಯ, ಗೋಡೆ ದುರ್ಬಲ, ಬ್ಯಾಕ್ಟೀರಿಯ ಒಡೆದು ಸಾಯುತ್ತದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳಲ್ಲಿ ಅನೇಕವು ಬಳಸುವುದೂ ಇದೇ ದೌರ್ಬಲ್ಯವನ್ನು: ಪೆನಿಸಿಲಿನ್ ಗುರಿ ಮುಟ್ಟುವ ಮೊದಲೇ ಬೇರೊಂದು ಕಿಣ್ವದಿಂದ ಆ ಉಂಗುರವನ್ನು ನೀರಿನಲ್ಲಿ ಒಡೆದುಬಿಡುತ್ತವೆ. ಪೆನಿಸಿಲಿನ್ ಜಿ ಇಂಜೆಕ್ಷನ್ ಪುಡಿಯ ರೂಪದಲ್ಲಿ ಬಂದು, ಕೊಡುವ ಮುಂಚೆ ಅದಕ್ಕೆ ನೀರು ಬೆರೆಸುವುದನ್ನು ನೀವು ನೋಡಿರಬಹುದು. ನೀರಿನಲ್ಲಿ ಬಹಳ ಹೊತ್ತು ಇಟ್ಟರೆ ಆ ಉಂಗುರ ಉಳಿಯುವುದಿಲ್ಲ.

ಈ ಚೌಕವನ್ನು ಗುರುತಿಸಲು ಜಗತ್ತಿನ ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರೇ ಹೆಣಗಿದ್ದರು. 1940ರ ದಶಕದಲ್ಲಿ ರಾಬರ್ಟ್ ರಾಬಿನ್ಸನ್ ಅವರು ಪೆನಿಸಿಲಿನ್ನಿನಲ್ಲಿ ಆಕ್ಸಜೋಲೋನ್ ಎಂಬ ಐದರ ಉಂಗುರವಿದೆ ಎಂಬ ಕಡೆ ನಿಂತರು, ಅಮೆರಿಕದ ರಾಬರ್ಟ್ ವುಡ್‌ವರ್ಡ್ ಬೀಟಾ ಲ್ಯಾಕ್ಟಮ್ ಕಡೆ. 1945ರಲ್ಲಿ ಡೊರೊಥಿ ಹಾಡ್ಜ್‌ಕಿನ್ ಅವರು ಎಕ್ಸ್‌ರೇ ಹಾಯಿಸಿ ಹರಳಿನೊಳಗಿನ ಪರಮಾಣುಗಳ ಜಾಗವನ್ನೇ ತೋರಿಸಿದ ಮೇಲೆ ವಾದ ಮುಗಿಯಿತು. ಚೌಕವೇ ಸರಿ. ಎರಡು ಅಂಕ ಕಳೆದುಕೊಂಡ ಜತ್ತದ ಹುಡುಗಿ ಇದನ್ನು ಓದಲಿ ಎಂದು ಬಯಸುತ್ತೇನೆ. ಯಾವ ಕಾರ್ಬೊನಿಲ್ ಪಕ್ಕ ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಆ ಕಾಲದ ಅತ್ಯುತ್ತಮ ಮನಸ್ಸುಗಳು ವರ್ಷಗಟ್ಟಲೆ ದುಡಿದಿವೆ.

ರಾಬಿನ್ಸನ್ ಅವರ ಬಳಿ ಮ್ಯಾಂಚೆಸ್ಟರಿನಲ್ಲಿ ಕಲಿತ ಕೆ. ವೆಂಕಟರಾಮನ್ ಅವರು 1957ರಲ್ಲಿ ಪುಣೆಯ ಪಾಷಾಣ್ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಕ್ಕೆ, ಅಂದರೆ ನಾವೆಲ್ಲ ಎನ್‌ಸಿಎಲ್ ಎನ್ನುವ ಸಂಸ್ಥೆಗೆ, ನಿರ್ದೇಶಕರಾಗಿ ಬಂದರು. 1950ರ ಜನವರಿ 3ರಂದು ಉದ್ಘಾಟನೆಯಾದ ಆ ಸಂಸ್ಥೆಗೆ ಅವರು ಮೊದಲ ಭಾರತೀಯ ನಿರ್ದೇಶಕರು. ಅವರ ಹೆಸರಿನಲ್ಲೇ ಒಂದು ಕ್ರಿಯೆ ಇದೆ, ಬೇಕರ್–ವೆಂಕಟರಾಮನ್ ಪುನರ್ವಿನ್ಯಾಸ. ಅಣುವಿನಲ್ಲಿ ಅಕ್ಕಪಕ್ಕ ಒಂದು ಎಸ್ಟರ್ ಮತ್ತು ಒಂದು ಕೀಟೋನ್ ಇರುತ್ತವೆ. ಕ್ಷಾರ ಹಾಕಿದರೆ ಎಸ್ಟರಿನ ಕಾರ್ಬೊನಿಲ್ ಭಾಗ ಆಕ್ಸಿಜನ್ನನ್ನು ಬಿಟ್ಟು ಕೀಟೋನಿನ ಪಕ್ಕದ ಕಾರ್ಬನ್ನಿಗೆ ಜಿಗಿಯುತ್ತದೆ. ಕೊನೆಗೆ ಕೈಗೆ ಬರುವುದು ಒಂದು ಫೀನಾಲ್ ಮತ್ತು ನಡುವೆ ಒಂದು ಕಾರ್ಬನ್ ಬಿಟ್ಟು ಕೂತ ಎರಡು ಕೀಟೋನ್. ಹೂವು ಹಣ್ಣುಗಳ ಹಳದಿ ಬಣ್ಣದ ಫ್ಲೇವೋನ್‌ಗಳನ್ನು ಕಟ್ಟಲು ಇಂದಿಗೂ ಇದೇ ದಾರಿ ಹಿಡಿಯುತ್ತಾರೆ.

ಪೆನಿಸಿಲಿನ್ನಿನ ಎರಡು ಅಮೈಡುಗಳಲ್ಲಿ ದುರ್ಬಲವಾದ ಚೌಕವನ್ನು ಮುಟ್ಟದೆ ಗಟ್ಟಿಯಾದ ಪಕ್ಕದ ಸರಪಳಿಯದನ್ನಷ್ಟೇ ಕತ್ತರಿಸಬಲ್ಲ ಕಿಣ್ವಗಳಿವೆ, ಪೆನಿಸಿಲಿನ್ ಅಸೈಲೇಸ್‌ಗಳೆಂದು ಹೆಸರು. ಹಾಗೆ ಕತ್ತರಿಸಿ ಉಳಿದ ಭಾಗಕ್ಕೆ ಬೇರೆ ಸರಪಳಿ ಜೋಡಿಸಿದರೆ ಆಂಪಿಸಿಲಿನ್, ಅಮಾಕ್ಸಿಸಿಲಿನ್ ಸಿಗುತ್ತವೆ. ಅಂಥ ಒಂದು ಕಿಣ್ವದ, ಪೆನಿಸಿಲಿನ್ ವಿ ಅಸೈಲೇಸಿನ, ಹರಳಿನ ರಚನೆಯನ್ನು ಎನ್‌ಸಿಎಲ್ ವಿಜ್ಞಾನಿಗಳು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರ ಜೊತೆ ಸೇರಿ 1999ರಲ್ಲಿ ಪ್ರಕಟಿಸಿದರು. ರಾಸಾಯನಿಕಗಳಿಂದ ಬಹಳ ಪ್ರಯಾಸದಿಂದ ಮಾಡಬೇಕಾದ ಕೆಲಸವನ್ನು ಕಿಣ್ವ ಬರೀ ನೀರಿನಲ್ಲಿ ಮಾಡುತ್ತದೆ.

ಪಿಂಪ್ರಿಯ ಹೆಸರಿನದು ಹೌದು, ಒಂದಿದೆ. ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನಲ್ಲಿ ಸಂಶೋಧನೆ ನಡೆಸಿದ ಎಂ. ಜೆ. ತಿರುಮಲಾಚಾರ್, ಅಂದರೆ ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್, ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಶಿಲೀಂಧ್ರಗಳನ್ನು ಕೊಲ್ಲುವ ಔಷಧವನ್ನು ತೆಗೆದರು. ಆ ಜೀವಿಗೆ ಸ್ಟ್ರೆಪ್ಟೋಮೈಸಿಸ್ ಪಿಂಪ್ರಿನಾ ಎಂದು ಹೆಸರಿಟ್ಟರು. ಔಷಧ ಹ್ಯಾಮೈಸಿನ್. ಅದರಲ್ಲಿ ಏಳು ದ್ವಿಬಂಧಗಳು ಒಂದು ಬಿಟ್ಟು ಒಂದರಂತೆ ಸಾಲಾಗಿವೆ. ಒಂಟಿ ದ್ವಿಬಂಧಕ್ಕೆ ಕಣ್ಣಿಗೆ ಕಾಣುವ ಬಣ್ಣವಿಲ್ಲ. ಏಳು ಹೀಗೆ ಕೈ ಹಿಡಿದು ನಿಂತರೆ ನೇರಳೆಯ ಅಂಚಿನ ಬೆಳಕನ್ನು ಹೀರಿ ವಸ್ತು ಹಳದಿಯಾಗುತ್ತದೆ. ಅಣುವಿನ ಒಂದು ಮಗ್ಗುಲು ಈ ದ್ವಿಬಂಧಗಳದು, ನೀರನ್ನು ಒಲ್ಲದು. ಇನ್ನೊಂದು ಮಗ್ಗುಲಲ್ಲಿ ಓಎಚ್‌ಗಳು, ನೀರಿಗೆ ಹೊಂದುವವು. ಈ ಬಗೆಯ ಔಷಧಗಳು ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೋಸ್ಟೆರಾಲನ್ನು ಹಿಡಿದು ಪೊರೆಯನ್ನು ಸೋರುವಂತೆ ಮಾಡುತ್ತವೆ. ನಿಮ್ಮ ಮಗನಿಗೆ ಈ ಹೆಸರು ಹೇಳಿ, ಅವನ ಪುಸ್ತಕದಲ್ಲಿ ಬಹುಶಃ ಇರಲಾರದು.

ಪ್ರಶ್ನೆ: ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರಯೋಗಾಲಯ ಎಂದರೆ ಒಂದು ಬೀರು ಅಷ್ಟೇ. ಮಕ್ಕಳಿಗೆ ಕ್ರಿಯಾಗುಂಪು ಎಂಬುದು ಬರೀ ಅಕ್ಷರಗಳಾಗಿ ಉಳಿದಿದೆ. ಅಪಾಯವಿಲ್ಲದೆ ಕಣ್ಣಿಗೆ ಕಾಣುವಂತೆ ತೋರಿಸಲು ಏನಾದರೂ ಇದೆಯೇ?
— ಶಿಕ್ಷಕರು, ಸೊಲ್ಲಾಪುರ ಜಿಲ್ಲೆ

ಉತ್ತರ: ಇದೆ ಮೇಷ್ಟ್ರೇ, ನೀವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇದೆ.

ಅಡುಗೆ ಸೋಡಾದಿಂದ ಪ್ರಾರಂಭಿಸಿ. ಅದನ್ನು ನೀರಿನಲ್ಲಿ ಗಟ್ಟಿಯಾಗಿ ಕರಗಿಸಿ, ಲಿಂಬೆರಸ, ಹುಣಸೆರಸ, ವಿನೆಗರ್ ಹಾಕಿಸಿ. ಮೂರರಲ್ಲೂ ಗುಳ್ಳೆ ಏಳುತ್ತದೆ, ಮೂರರಲ್ಲೂ ಕಾರ್ಬಾಕ್ಸಿಲಿಕ್ ಆಮ್ಲವಿದೆ. ಆಮೇಲೆ ಆಸ್ಪಿರಿನ್ ಗುಳಿಗೆಯನ್ನೂ ಪ್ಯಾರಾಸಿಟಮಾಲ್ ಗುಳಿಗೆಯನ್ನೂ ಬೇರೆ ಬೇರೆ ಅರೆದು ಹಾಕಿಸಿ. ಎರಡೂ ಸಾದಾ ಗುಳಿಗೆಗಳಾಗಿರಲಿ, ನೀರಿನಲ್ಲಿ ತಾವೇ ಉಕ್ಕುವಂಥವು ಬೇಡ, ಅವುಗಳಲ್ಲಿ ಮೊದಲೇ ಸೋಡಾ ಇರುತ್ತದೆ. ಆಸ್ಪಿರಿನ್‌ನಲ್ಲಿ ಮೆಲ್ಲಗೆ ಗುಳ್ಳೆ ಕಾಣುತ್ತದೆ, ಪ್ಯಾರಾಸಿಟಮಾಲ್ ಸುಮ್ಮನಿರುತ್ತದೆ. ಎರಡರಲ್ಲೂ ಕಾರ್ಬೊನಿಲ್ ಇದೆ, ಪ್ಯಾರಾಸಿಟಮಾಲ್‌ನಲ್ಲಿ ಓಎಚ್ ಕೂಡ ಇದೆ. ಆದರೆ ಓಎಚ್ ಕಾರ್ಬೊನಿಲ್ ಪಕ್ಕದಲ್ಲಿರುವುದು ಆಸ್ಪಿರಿನ್‌ನಲ್ಲಿ ಮಾತ್ರ. ಫೀನಾಲಿನ ಆಮ್ಲಗುಣ ಸೋಡಾದಿಂದ ಗುಳ್ಳೆ ಎಬ್ಬಿಸುವಷ್ಟು ಇಲ್ಲ. ಗುಳಿಗೆಗಳನ್ನು ಪ್ರಯೋಗ ಮುಗಿಯುವವರೆಗೆ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.

ನಿಮ್ಮ ಬೀರಿನಲ್ಲಿ ಫೆರಿಕ್ ಕ್ಲೋರೈಡ್ ದ್ರಾವಣ ಇದ್ದರೆ ಇನ್ನೂ ಸೊಗಸಾದ ಪ್ರಯೋಗವೊಂದಿದೆ. ಹೊಸ ಆಸ್ಪಿರಿನ್‌ಗೆ ಒಂದು ಹನಿ ಹಾಕಿದರೆ ನೇರಳೆ ಬಣ್ಣ ಬರುವುದಿಲ್ಲ, ಬಂದರೂ ಬಹಳ ತೆಳು. ಅವಧಿ ಮುಗಿದು ತೇವ ತಗುಲಿದ ಆಸ್ಪಿರಿನ್‌ಗೆ ಹಾಕಿ, ನೇರಳೆ ಗಾಢವಾಗುತ್ತದೆ. ಶೀಶೆಯ ಮುಚ್ಚಳ ತೆಗೆದಾಗ ವಿನೆಗರ್ ವಾಸನೆಯೂ ಬಂದಿರುತ್ತದೆ. ಎಸ್ಟರ್ ನೀರಿನಿಂದ ಒಡೆದು, ಅದರ ಹಿಂದೆ ಅಡಗಿದ್ದ ಫೀನಾಲ್ ಹೊರಗೆ ಬಂದಿದೆ, ಜೊತೆಗೆ ಅಸಿಟಿಕ್ ಆಮ್ಲ. ಒಂದು ಗುಂಪು ಇನ್ನೊಂದಾಗುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ.

ಅರಿಸಿನವನ್ನಂತೂ ಬಿಡಲೇಬೇಡಿ. ಸಾಂಗ್ಲಿಯ ಅರಿಸಿನ ಪೇಟೆ ನಿಮ್ಮ ಮಕ್ಕಳಿಗೆ ಗೊತ್ತಿರುತ್ತದೆ. ಅರಿಸಿನದ ಬಣ್ಣ ಕರ್ಕ್ಯುಮಿನ್‌ನದು, ಅದರ ರಚನೆ 1910ರಲ್ಲೇ ಗೊತ್ತಾಗಿತ್ತು. ಆರು ಆಕ್ಸಿಜನ್: ಎರಡು ಫೀನಾಲ್, ಎರಡು ಈಥರ್, ಮಧ್ಯೆ ಒಂದು ಕಾರ್ಬನ್ ಬಿಟ್ಟು ಎರಡು ಕಾರ್ಬೊನಿಲ್. ವೆಂಕಟರಾಮನ್ ಅವರ ಕ್ರಿಯೆಯಲ್ಲಿ ಸಿಗುತ್ತದೆ ಎಂದೆನಲ್ಲ, ಅದೇ ಬಗೆಯ ಜೋಡಿ. ಅರಿಸಿನ ನೀರಿಗೆ ಸುಣ್ಣದ ತಿಳಿ ಹಾಕಿದರೆ ಕೆಂಪಾಗುತ್ತದೆ, ಮನೆಗಳಲ್ಲಿ ಕುಂಕುಮ ಮಾಡುತ್ತಿದ್ದುದೂ ಹೀಗೆಯೇ. ಕ್ಷಾರ ಓಎಚ್‌ಗಳ ಹೈಡ್ರೋಜನ್ನನ್ನು ಕಿತ್ತುಕೊಂಡಾಗ ಎಲೆಕ್ಟ್ರಾನುಗಳು ಇಡೀ ಅಣುವಿನಲ್ಲಿ ಇನ್ನಷ್ಟು ಸಲೀಸಾಗಿ ಓಡಾಡುತ್ತವೆ, ಹೀರುವ ಬೆಳಕು ಬದಲಾಗುತ್ತದೆ. ಲಿಂಬೆರಸ ಹಿಂಡಿ, ಹೈಡ್ರೋಜನ್ ಮರಳಿ ಬರುತ್ತದೆ, ಹಳದಿಯೂ ಮರಳುತ್ತದೆ. ಸುಣ್ಣ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಅದನ್ನು ನೀವೇ ಹನಿಸಿ.

ಬೆನೆಡಿಕ್ಟ್ ದ್ರಾವಣ ತರಿಸಿಕೊಳ್ಳುವುದು ಸಾಧ್ಯವಾದರೆ ಬೆಲ್ಲ ಮತ್ತು ಕಲ್ಲುಸಕ್ಕರೆಯನ್ನು ಹೋಲಿಸಿ. ಬಿಸಿನೀರಿನಲ್ಲಿ ಇಟ್ಟಾಗ ಬೆಲ್ಲದ ನಳಿಕೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಕಲ್ಲುಸಕ್ಕರೆಯದು ನೀಲಿಯಾಗಿಯೇ ಉಳಿಯುತ್ತದೆ. ಬೆಲ್ಲದಲ್ಲಿ ಒಡೆದ ಸಕ್ಕರೆಯ ಗ್ಲೂಕೋಸ್, ಫ್ರಕ್ಟೋಸ್ ಇರುವುದು ಕಾರಣ. ಪೊಟ್ಯಾಸಿಯಂ ಪರ್ಮಾಂಗನೇಟಿನ ಬಣ್ಣ ಹೋಯಿತೆಂದು ದ್ವಿಬಂಧ ಇದೆ ಎಂದು ಮಾತ್ರ ತೀರ್ಮಾನಿಸಿಬಿಡಬೇಡಿ, ಆಲ್ಡಿಹೈಡಿನಂಥ ಬೇರೆ ಗುಂಪುಗಳೂ ಅದರ ಬಣ್ಣ ಕಳೆಯುತ್ತವೆ. ಬೆಳ್ಳಿ ಕನ್ನಡಿಯ ಟಾಲೆನ್ಸ್ ಪರೀಕ್ಷೆ ಮಾಡಿದರೆ ಉಳಿದ ದ್ರಾವಣವನ್ನು ಯಾವ ಕಾರಣಕ್ಕೂ ಮರುದಿನಕ್ಕೆ ಇಡಬೇಡಿ. ಒಣಗಿದರೆ ಸಿಡಿಯುವ ಪದಾರ್ಥವಾಗುತ್ತದೆ.

ಪ್ರಶ್ನೆ: ಗ್ಲೂಕೋಸ್ ಆಲ್ಡಿಹೈಡ್ ಎಂದು ಪುಸ್ತಕ ಹೇಳುತ್ತದೆ. ಆದರೆ ಉಂಗುರದ ಚಿತ್ರದಲ್ಲಿ ಕಾರ್ಬನ್–ಆಕ್ಸಿಜನ್ ದ್ವಿಬಂಧವೇ ಇಲ್ಲ. ಯಾವ ಚಿತ್ರ ನಿಜ?
— ಬಿ.ಎಸ್ಸಿ. ವಿದ್ಯಾರ್ಥಿ, ಶಿವಾಜಿನಗರ, ಪುಣೆ

ಉತ್ತರ: ನೀರಿನಲ್ಲಿ ಎರಡೂ ಇವೆ, ಸಮವಾಗಿ ಮಾತ್ರ ಇಲ್ಲ. ಹೆಚ್ಚುಕಡಿಮೆ ಎಲ್ಲ ಗ್ಲೂಕೋಸ್ ಉಂಗುರವಾಗಿಯೇ ಇರುತ್ತದೆ, ತೆರೆದ ಸರಪಳಿ ಶೇ 0.1ಕ್ಕಿಂತಲೂ ಕಡಿಮೆ. ಐದನೆಯ ಕಾರ್ಬನ್ನಿನ ಓಎಚ್ ಬಾಗಿ ಬಂದು ಆಲ್ಡಿಹೈಡಿಗೆ ಸೇರಿಕೊಂಡಾಗ ಉಂಗುರವಾಗುತ್ತದೆ. ಉಂಗುರದ ಚಿತ್ರದಲ್ಲಿ ಒಂದೇ ಕಾರ್ಬನ್ನಿಗೆ ಎರಡು ಆಕ್ಸಿಜನ್ ಏಕಬಂಧದಲ್ಲಿ ಸೇರಿರುವ ಜಾಗ ಹುಡುಕಿ. ಅವುಗಳಲ್ಲಿ ಒಂದು ಓಎಚ್ ಆಗಿದ್ದರೆ ಅದು ಹೆಮಿಅಸಿಟಾಲ್. ಒಂದು ಆಲ್ಕೋಹಾಲ್, ಒಂದು ಈಥರ್ ಎಂದು ಬಿಡಿಸಿ ಬರೆದರೆ ತಪ್ಪು, ಯಾಕೆಂದರೆ ಈ ಜೋಡಿ ಮತ್ತೆ ಬಿಚ್ಚಿಕೊಳ್ಳಬಲ್ಲದು.

ಆದ್ದರಿಂದಲೇ ಗ್ಲೂಕೋಸ್ ಟಾಲೆನ್ಸ್, ಫೆಹ್ಲಿಂಗ್ ಪರೀಕ್ಷೆಗಳಿಗೆ ಒಗ್ಗುತ್ತದೆ: ಇರುವ ಚೂರು ಆಲ್ಡಿಹೈಡ್ ಖರ್ಚಾದಂತೆ ಉಂಗುರಗಳು ಬಿಚ್ಚಿ ಅದನ್ನು ತುಂಬುತ್ತವೆ. ಶಿಫ್ ಪರೀಕ್ಷೆಗೆ ಒಗ್ಗುವುದಿಲ್ಲ, ಅಲ್ಲಿ ಆ ಚೂರು ಸಾಲದು. ಸಕ್ಕರೆಯಲ್ಲಿ, ಅಂದರೆ ಸುಕ್ರೋಸ್‌ನಲ್ಲಿ, ಗ್ಲೂಕೋಸ್ ಮತ್ತು ಫ್ರಕ್ಟೋಸ್ ತಮ್ಮ ಬಿಚ್ಚಬಲ್ಲ ಕಾರ್ಬನ್ನುಗಳಿಂದಲೇ ಒಂದಕ್ಕೊಂದು ಬೆಸೆದುಕೊಂಡಿವೆ. ಎರಡಕ್ಕೂ ಬೀಗ ಬಿದ್ದಂತಾಯಿತು. ಎಂಟು ಓಎಚ್‌ಗಳಿದ್ದರೂ ಫೆಹ್ಲಿಂಗ್ ದ್ರಾವಣಕ್ಕೆ ಅದು ಏನೂ ಮಾಡದು.

ಪ್ರಶ್ನೆ: ನಾವು ಮೈಸೂರಿನವರು, ಕೋಥ್ರೂಡ್‌ನಲ್ಲಿದ್ದೇವೆ. ಊರಿನಿಂದ ತಂದ ಗಂಧದೆಣ್ಣೆ ಅಸಲಿಯೇ ಎಂದು ರಾಸಾಯನಿಕವಾಗಿ ಹೇಗೆ ನೋಡುತ್ತಾರೆ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಪುಣೆ

ಉತ್ತರ: ಗಂಧದೆಣ್ಣೆಯ ಜೀವ ಸ್ಯಾಂಟಲಾಲ್. ಆಲ್ಫಾ, ಬೀಟಾ ಎಂದು ಮುಖ್ಯವಾಗಿ ಎರಡು ಬಗೆ, ಎರಡರಲ್ಲೂ ಹದಿನೈದು ಕಾರ್ಬನ್, ಒಂದೇ ಒಂದು ಆಕ್ಸಿಜನ್. ಆ ಆಕ್ಸಿಜನ್ ಆಲ್ಕೋಹಾಲಿನದು. ಮೊದಲ ಮಹಾಯುದ್ಧದಿಂದ ಗಂಧದ ಮರ ಜರ್ಮನಿಗೆ ಹೋಗುವುದು ನಿಂತಾಗ, ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಲು ನಿಶ್ಚಯಿಸಿತು. ಬೆಂಗಳೂರಿನ ಟಾ​ಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೊ ಮತ್ತು ವಾಟ್ಸನ್ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆಯ ಕಾರ್ಖಾನೆ ಶುರುವಾಯಿತು, ನಂತರ ನಿಮ್ಮ ಮೈಸೂರಿನಲ್ಲಿ.

ಹಳೆಯ ಪರೀಕ್ಷೆ ಆ ಒಂದು ಓಎಚ್ ಅನ್ನೇ ನಂಬಿತ್ತು. ಎಣ್ಣೆಯನ್ನು ಅಸಿಟಿಕ್ ಅನ್‌ಹೈಡ್ರೈಡ್ ಜೊತೆ ಕುದಿಸಿದರೆ ಆಲ್ಕೋಹಾಲೆಲ್ಲ ಎಸ್ಟರ್ ಆಗುತ್ತದೆ. ಅದನ್ನು ಅಳತೆ ಗೊತ್ತಿರುವ ಕ್ಷಾರದಿಂದ ಒಡೆದು, ಖರ್ಚಾದ ಕ್ಷಾರದಿಂದ ಎಷ್ಟು ಆಲ್ಕೋಹಾಲ್ ಇತ್ತೆಂದು ಲೆಕ್ಕ ಹಾಕುತ್ತಾರೆ. ಸ್ಯಾಂಟಲಾಲ್ ಲೆಕ್ಕದಲ್ಲಿ ಶೇ 90ಕ್ಕೆ ಕಡಿಮೆ ಇರಬಾರದು ಎಂಬುದು ಬಹುಕಾಲ ನಡೆದುಬಂದ ಅಳತೆ. ಆದರೆ ಈ ಪರೀಕ್ಷೆ ಓಎಚ್ ಅನ್ನು ಎಣಿಸುತ್ತದೆಯೇ ಹೊರತು ಅದು ಯಾರದೆಂದು ಕೇಳುವುದಿಲ್ಲ. ಅಗ್ಗದ ಬೇರೆ ಆಲ್ಕೋಹಾಲ್ ಬೆರೆಸಿದವನೂ ಇದರಲ್ಲಿ ಪಾಸಾಗಬಲ್ಲ. ಆದ್ದರಿಂದ ಈಗ ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಎರಡು ಸ್ಯಾಂಟಲಾಲ್‌ಗಳನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ಮನೆಯಲ್ಲಿ ಮಾಡುವ ನಂಬಲರ್ಹ ಪರೀಕ್ಷೆ ಯಾವುದೂ ಇಲ್ಲ.

ಪ್ರಶ್ನೆ: ನಾನು ಪುಣೆ ಹತ್ತಿರದ ಔಷಧ ಕಂಪನಿಯೊಂದರಲ್ಲಿ ಅನಲಿಸ್ಟ್. ಐಆರ್ ಮಷಿನ್ ಗ್ರಾಫ್ ಕೊಡುತ್ತದೆ, ಸಾಫ್ಟ್‌ವೇರ್ ಹೆಸರು ಹೇಳುತ್ತದೆ. ಕಾಲೇಜಿನಲ್ಲಿ ಕಲಿತ ಗುಂಪು ಗುರುತಿಸುವ ವಿದ್ಯೆ ಇನ್ನೂ ಬೇಕೇ?
— ಓದುಗರು, ಹಡಪ್ಸರ್

ಉತ್ತರ: ಬೇಕು, ಮತ್ತು ನಿಮಗೆ ಎಲ್ಲರಿಗಿಂತ ಹೆಚ್ಚು ಬೇಕು. ಸಾಫ್ಟ್‌ವೇರ್ ತನ್ನ ಸಂಗ್ರಹದಲ್ಲಿರುವ ಗ್ರಾಫಿನ ಜೊತೆ ಹೋಲಿಸುತ್ತದೆ. ಸಂಗ್ರಹದಲ್ಲಿಲ್ಲದ ಕಲ್ಮಶ ಬಂದ ದಿನ ಅದಕ್ಕೆ ಹೆಸರು ಸಿಗದು, ಗೆರೆಗಳನ್ನು ನೀವೇ ಓದಬೇಕು.

ಕಾರ್ಬೊನಿಲ್ ಗೆರೆಯನ್ನೇ ತೆಗೆದುಕೊಳ್ಳಿ. ಸಾಮಾನ್ಯ ಕೀಟೋನ್ 1715 ಸೆಂ.ಮೀ⁻¹ ಹತ್ತಿರ (ಮುಂದಿನ ಅಂಕಿಗಳೂ ಇದೇ ಮಾನದಲ್ಲಿ), ಎಸ್ಟರ್ 1735ರಿಂದ 1750, ಅಮೈಡ್ 1650ರಿಂದ 1690. ಆಲ್ಡಿಹೈಡ್ 1725ರ ಬಳಿ ಇರುವುದಲ್ಲದೆ 2720ರ ಹತ್ತಿರ ಇನ್ನೊಂದು ಸಣ್ಣ ಗೆರೆಯನ್ನೂ ತೋರಿಸುತ್ತದೆ, ಆ ಒಂದು ಹೈಡ್ರೋಜನ್ನಿನದು. ಆಮ್ಲವಾದರೆ 2500ರಿಂದ 3300ರವರೆಗೆ ಹರಡಿದ ಅಗಲವಾದ ಹೊಂಡ. ಬಂಧ ಒಂದೇ, ಕಾರ್ಬನ್ ಮತ್ತು ಆಕ್ಸಿಜನ್ ನಡುವಿನದು. ಪಕ್ಕದ ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನ ಕಡೆ ಸೆಳೆದರೆ ಗೆರೆ ಮೇಲೇರುತ್ತದೆ, ಪಕ್ಕದ ನೈಟ್ರೋಜನ್ ಎಲೆಕ್ಟ್ರಾನ್ ಕೊಟ್ಟರೆ ಕೆಳಗಿಳಿಯುತ್ತದೆ.

ಹಾಗಾದರೆ ಪೆನಿಸಿಲಿನ್ನಿನ ಚೌಕದ ಅಮೈಡ್ ಎಲ್ಲಿರಬೇಕು? ನೈಟ್ರೋಜನ್ ಕೊಡಲಾಗದ ಸ್ಥಿತಿಯಲ್ಲಿದೆ, ಉಂಗುರ ಬಿಗಿದಿದೆ. ಗೆರೆ ಎಸ್ಟರನ್ನೂ ದಾಟಿ ಸುಮಾರು 1775ರ ಹತ್ತಿರ ಹೋಗುತ್ತದೆ. ಅದೇ ಅಣುವಿನ ಇನ್ನೊಂದು ಅಮೈಡ್ ತನ್ನ ಎಂದಿನ ಜಾಗದಲ್ಲೇ ಇರುತ್ತದೆ. ನಿಮ್ಮ ಮೇಜಿಗೆ ಅಮಾಕ್ಸಿಸಿಲಿನ್ ಅಥವಾ ಆಂಪಿಸಿಲಿನ್ ಸ್ಯಾಂಪಲ್ ಬಂದು, 1775ರ ಗೆರೆ ಸ್ಟ್ಯಾಂಡರ್ಡಿಗಿಂತ ಕುಗ್ಗಿ ಉಳಿದದ್ದು ಹಾಗೆಯೇ ಇದ್ದರೆ, ಉಂಗುರ ಒಡೆಯುತ್ತಿದೆ ಎಂದು ಗುಮಾನಿ ಪಡಿ. ಸಾಫ್ಟ್‌ವೇರ್ ಶೇ 95 ಹೊಂದಾಣಿಕೆ ಎಂದು ಹಸಿರು ತೋರಿಸಿದರೂ ಬ್ಯಾಚನ್ನು ತಡೆದು ಎಚ್‌ಪಿಎಲ್‌ಸಿಗೆ ಕಳಿಸಿ, ತೇವಾಂಶವನ್ನೂ ಅಳೆಸಿ.